ತಳದಲ್ಲಿ ತಿಳಿನೀರು

ಗೆರೆಯೋ ಅದು, ಇಲ್ಲಾ ಕಿಟಕಿಯ ಬಿಸಿಲು ಬಾಟಲಿಯ ಬುಡಕ್ಕೆ ಬಿದ್ದು ಹಾಗೆ ಕಾಣುತ್ತಿದೆಯೋ, ಕೋಮಲ ಬಗ್ಗಿದಳು, ಮುಟ್ಟಲಿಲ್ಲ, ಮುಟ್ಟಿದರೆ ಅಲುಗುತ್ತದೆ, ಅಲುಗಿದರೆ ನಿಜ ಮುಚ್ಚಿಹೋಗುತ್ತದೆ, ಮಂಡಿಯೂರಿ ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದಳು, ಹೌದು, ಗೆರೆಯೇ, ಕೂದಲೆಳೆಯಷ್ಟಲ್ಲ, ಕಿರುಬೆರಳಿನ ಉಗುರಿನಷ್ಟು, ಮೇಲೆ ಹಾಲಿನ ಬಿಳುಪು, ಕೆಳಗೆ ತಿಳಿನೀರು, ಒಂದೇ ಬಾಟಲಿಯಲ್ಲಿ ಮಾತುಬಿಟ್ಟ ಓರಗಿತ್ತಿಯರ ಹಾಗೆ ಬೇರೆ ಬೇರೆ ಕೂತಿವೆ, ಪಕ್ಕದ ಬಾಟಲಿ, ಅದರಲ್ಲೂ, ಅದರಾಚೆಯದು, ಅದರಲ್ಲೂ — ದೇವರೇ, ನಲವತ್ತೆಂಟರಲ್ಲಿ ಒಂದಾದರೂ, ಒಂದೇ ಒಂದಾದರೂ ನೆಟ್ಟಗೆ ನಿಂತಿರಬಾರದೇ, ಬುಧವಾರ ಮಾಡಿದ್ದು, ಇವತ್ತು ಶುಕ್ರವಾರ, ಎರಡು ದಿನ ಕೂಡ ತಾಳಲಿಲ್ಲ, ದೀಪಾವಳಿಗೆ ಮಾಡಿದ ಮಾದರಿ ಬಾಟಲಿಗಳು ಮೂರು ತಿಂಗಳಾದರೂ ಅಗೋ ಆ ಮೂಲೆಯಲ್ಲಿ ಬೆಳ್ಳಗೆ ನಿಂತಿವೆ, ಅದೇ ಎಣ್ಣೆ, ಅದೇ ಮೇಣ, ಅದೇ ಕೈ. ಹನ್ನೊಂದಕ್ಕೆ ನಿಪ್ಪಾಣಿಯಿಂದ ಕಮಲಾಬಾಯಿ ಬರುತ್ತಾರೆ, ಬೀಡಿ ಕಟ್ಟುವ ನಾನೂರು ಹೆಂಗಸರ ಸಂಘ ನಡೆಸುವವರು, ನೋಡಿ ಒಪ್ಪಿದರೆ ಸಂಘಕ್ಕೆ ತಿಂಗಳು ತಿಂಗಳೂ ಕೋಮಲಳ ಲೋಷನ್ನೇ, ಒಪ್ಪದಿದ್ದರೆ ಈ ತಗಡಿನ ಶೆಡ್ಡು ನಾಳೆಯಿಂದ ಮತ್ತೆ ದ್ರಾಕ್ಷಿ ಒಣಗಿಸುವ ಶೆಡ್ಡು, ಮಾವ ಮುರಗೆಪ್ಪ ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಅಗಿಯುತ್ತಲೇ ಹೇಳಿದ್ದರು, ಒಂದ ವರ್ಷ ಕೊಟ್ಟೇನಿ ನೋಡವಾ, ಎರಡ ಸಲ ಒಡದೈತಿ, ಮೂರನೇ ಸಲಾನೂ ಒಡೀತಂದ್ರ ನಿನ್ನ ಭಾಂಡಿ ಎಲ್ಲಾ ಹೊರಗ, ನಾ ಒಳಗ ದ್ರಾಕ್ಷಿ ಹರವೂ ಜಾಳಿ ಕಟ್ಟಾವ, ಅದರಾಗ ಸಿಟ್ಟ ಸೆಡವ ಏನಿಲ್ಲ. ಸಿಟ್ಟು ಸೆಡವಿಲ್ಲದ ಮಾತೇ ಹೆಚ್ಚು ಹೆದರಿಸುವುದು, ಸಿಟ್ಟಾದರೆ ಸಂಜೆಗೆ ಇಳಿದೀತು, ಇದು ಇಳಿಯುವ ಪೈಕಿ ಅಲ್ಲ.

ಎಲ್ಲಿ ತಪ್ಪಿತು, ಮೊದಲಿನಿಂದ ಬಾ ಕೋಮಲಾ, ಗಾಬರಿ ಬೇಡ, ಒಂದು ಒಲೆಯ ಮೇಲೆ ನೀರು, ಇನ್ನೊಂದರ ಮೇಲೆ ದ್ರಾಕ್ಷಿಬೀಜದ ಎಣ್ಣೆ ಮತ್ತು ಮೇಣ, ಎರಡೂ ಎಪ್ಪತ್ತೈದು ಡಿಗ್ರಿಗೆ ಬಂದದ್ದನ್ನು ನೋಡಿಯೇ ನೋಡಿದ್ದಳು, ಎಣ್ಣೆಯನ್ನು ನೀರಿಗೆ ಸಣ್ಣ ಧಾರೆಯಾಗಿ ಬಿಟ್ಟಳು, ಕಡೆಯುವ ಯಂತ್ರ ಹತ್ತು ನಿಮಿಷ ತಿರುಗಿತು, ಮೊದಲ ಸಲ ಒಡೆದದ್ದು ನಡುವೆ ಕರೆಂಟು ಹೋಗಿ, ಅದಕ್ಕೇ ಈ ಸಲ ತ್ರೀಫೇಜ್ ಕೊಡುವ ಮುಂಜಾನೆಯ ಹೊತ್ತು ನೋಡಿ ಮಾಡಿದ್ದು, ಎರಡನೆಯ ಸಲ ಒಡೆದದ್ದು ಮೇಣ ಹಳೆಯದಾಗಿ, ಈ ಸಲ ಮೇಣದ ಚೀಲ ಬಿಚ್ಚಿದ್ದೇ ಬುಧವಾರ, ಎಣ್ಣೆಯ ಹನಿಗಳನ್ನು ನೀರಿನಲ್ಲಿ ಹಿಡಿದು ನಿಲ್ಲಿಸುವ ಆ ಬಿಳಿ ಪುಡಿಯನ್ನು ಚಿನ್ನದಂಗಡಿಯವರ ಹಾಗೆ ಉಸಿರು ಬಿಗಿಹಿಡಿದು ತೂಗಿದ್ದಳು, ಹಾಗಾದರೆ ಏನು, ಏನು, ಯಾಕೆ ನನ್ನ ಮೇಲೆ ಈ ಹಗೆ. ಗಟ್ಟಿ ಕ್ರೀಮು ಮಾಡು ಅಂದರೆ ಕಣ್ಣು ಮುಚ್ಚಿ ಮಾಡಿಯಾಳು, ದಪ್ಪ ಇದ್ದಲ್ಲಿ ಎಣ್ಣೆಯ ಹನಿ ಎತ್ತ ಓಡೀತು, ರಾಡಿಯಲ್ಲಿ ಸಿಕ್ಕ ಚಕ್ಕಡಿಯ ಹಾಗೆ ಇದ್ದಲ್ಲೇ ಬಿದ್ದಿರುತ್ತದೆ, ತೆಳ್ಳಗೆ ಮಾಡಿದೆಯೋ, ಹನಿ ಮೇಲೆ ಮೇಲೆ ತೇಲುತ್ತದೆ, ಒಂದನ್ನೊಂದು ಹುಡುಕಿಕೊಂಡು ಹೋಗಿ ಕೂಡುತ್ತದೆ, ನೀರು ಕೆಳಗೆ ಉಳಿಯುತ್ತದೆ, ಭರತ ಕೂಡ ಕೇಳಿದ್ದ, ಕಾರ್ಖಾನೆಯ ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚುತ್ತ, ಅಲ್ಲ ಕೋಮಲಾ, ತೆಳ್ಳಗ ಯಾಕ ಬೇಕ ನಿನಗ, ಗಟ್ಟಿ ಮಾಡಿ ಡಬ್ಬಿಗೆ ತುಂಬಿದ್ರ ಹೊಳ್ಳಿ ನೋಡೂ ಕೆಲಸ ಇಲ್ಲ. ಒಳ್ಳೆಯ ಗಂಡ, ಆದರೆ ಬೀಡಿ ಕಟ್ಟುವವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ.

ಅವಳು ಹುಟ್ಟಿದ್ದು ಅಲ್ಲಿಯೇ, ನಿಪ್ಪಾಣಿಯ ಓಣಿಯ ಒಂದು ಖೋಲಿಯಲ್ಲಿ, ಅವ್ವ ಸುಂದರಾ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸುತ್ತಾಳೆ, ತಂಬಾಕು ಸುರಿಯುತ್ತಾಳೆ, ಸುತ್ತುತ್ತಾಳೆ, ದಾರ ಬಿಗಿಯುತ್ತಾಳೆ, ಮತ್ತೊಂದು, ಮತ್ತೊಂದು, ದಿನಕ್ಕೆ ಸಾವಿರ, ಒದ್ದೆ ಎಲೆ ಮತ್ತು ತಂಬಾಕಿನ ಧೂಳು ಎರಡೂ ಸೇರಿ ಬೆರಳ ತುದಿಗಳನ್ನು ಸೀಳಿಬಿಟ್ಟಿವೆ, ಹೆಬ್ಬೆರಳು, ತೋರುಬೆರಳು, ಸೀಳಿನೊಳಗೆ ಕಂದು ಬಣ್ಣ ಕೂತು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಚಟ್ನಿ ಅರೆದರೆ ಉರಿ, ಉಪ್ಪು ಮುಟ್ಟಿದರೆ ಉರಿ, ರೊಟ್ಟಿ ತಟ್ಟುವಾಗ ತುಟಿ ಕಚ್ಚಿಕೊಂಡು ತಟ್ಟುತ್ತಾಳೆ, ಆ ಬೆರಳುಗಳೇ ಕೋಮಲಳನ್ನು ಬಿ.ಎಸ್ಸಿ.ವರೆಗೆ ಓದಿಸಿದ್ದು. ಅವಳು ಮೊದಲ ಸಂಬಳದಲ್ಲಿ ಪೇಟೆಯಿಂದ ಕ್ರೀಮು ತಂದಿದ್ದಳು, ಅವ್ವ ಒಂದು ದಿನ ಹಚ್ಚಿಕೊಂಡು ಮರುದಿನ ವಾಪಸು ಕೊಟ್ಟಳು, ಬ್ಯಾಡವಾ, ಎಲಿಗೆ ಜಿಡ್ಡ ಹತ್ತತೈತಿ, ಸುತ್ತಾಕ ಜಾರತೈತಿ, ಬೀಡಿ ಕೆಟ್ಟಾವಂತ ಕಂಪನಿಯಾಂವ ಹೊಳ್ಳಿ ಒಗದ, ನೀರಿನಂಗ ಇದ್ದ ಹಚ್ಚಿದ ಕೂಡಲೇ ಒಣಗಿ ಹೋಗೂವಂಥಾದ್ದ ಯಾರೂ ಮಾಡಂಗಿಲ್ಲೇನ? ಯಾರೂ ಮಾಡುವುದಿಲ್ಲ ಅವ್ವಾ, ಬೀಡಿ ಕಟ್ಟುವವಳ ಕೈಗೆ ಅಂತ ಯಾವ ಕಂಪನಿ ಕೂತು ಯೋಚಿಸುತ್ತದೆ, ಹಾಗಾಗಿ ನಾನೇ ಮಾಡುತ್ತೇನೆ ಅಂತ ಹನ್ನೆರಡು ವರ್ಷದ ಮೇಲೆ ಈ ಶೆಡ್ಡಿನಲ್ಲಿ ಎರಡು ಒಲೆ ಹೂಡಿ ಕೂತಳು, ದೀಪಾವಳಿಯ ಮಾದರಿ ಒಯ್ದು ಕೊಟ್ಟಾಗ ಅವ್ವ ಹಚ್ಚಿಕೊಂಡಳು, ಆ ಕೈಯಲ್ಲೇ ಎಲೆ ತೆಗೆದುಕೊಂಡು ಸುತ್ತಿದಳು, ಸುತ್ತಿದ ಬೀಡಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಪಕ್ಕದ ಮನೆಯವಳನ್ನು ಕೂಗಿ ಕರೆದಳು, ಅಷ್ಟೇ. ಕೋಮಲಳಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಹತ್ತೂ ಕಾಲು, ಅಂಗಳದಲ್ಲಿ ಮಾವನ ದನಿ, ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಾರೆ, ಹೌದ್ರಿ, ಈ ಸಲ ಮಾಲ ಚಲೋ ಐತಿ, ಶೆಡ್ಡ ಖಾಲಿ ಆದ್ರ ದ್ರಾಕ್ಷಿ ಒಣಗಿಸಿ ಎಲ್ಲಾ ಮಣೂಕಾನ ಮಾಡಾವ — ಖಾಲಿ ಆದ್ರ, ಆಗಲೇ ಖಾಲಿ ಮಾಡಿಬಿಟ್ಟಿದ್ದಾರೆ ಮನಸ್ಸಿನಲ್ಲಿ, ಕೆಟ್ಟವರಲ್ಲ, ಲೆಕ್ಕದ ಮನುಷ್ಯ, ಮರೆಯುವುದು ಮಾತ್ರ ಅವರ ಜಾಯಮಾನದಲ್ಲಿಲ್ಲ, ಹನ್ನೊಂದು ವರ್ಷದ ಹಿಂದೆ ಅತ್ತೆ ರುಕ್ಮವ್ವ ಒಣಹಾಕುವ ಮುನ್ನ ದ್ರಾಕ್ಷಿ ಅದ್ದುವ ಡ್ರಮ್ಮಿನಲ್ಲಿ ಕಾರ್ಬೋನೇಟು ಮತ್ತು ಎಣ್ಣೆಯ ಹದ ತಪ್ಪಿಸಿದಳಂತೆ, ಮೂರು ಎಕರೆಯ ಮಾಲು ಕಪ್ಪಾಯಿತಂತೆ, ಅದನ್ನು ಇವತ್ತಿನವರೆಗೂ ರೊಟ್ಟಿ ಮುರಿಯುವಾಗೆಲ್ಲ ಹೇಳುತ್ತಾರೆ, ಇಕಿ ಕೈಯಾಗಿಂದ ಹೋತ ನೋಡ ಆ ವರ್ಷ, ಏರುದನಿಯಿಲ್ಲ, ಬೈಗುಳವಿಲ್ಲ, ಪಲ್ಯಕ್ಕೆ ಉಪ್ಪು ಕಡಿಮೆ ಅನ್ನುವಷ್ಟೇ ಸಾದಾ ಮಾತು, ಅತ್ತೆ ಪ್ರತಿ ಸಲವೂ ಮೊದಲ ಸಲ ಕೇಳಿದ ಹಾಗೆ ತಲೆ ತಗ್ಗಿಸುತ್ತಾಳೆ, ಅವತ್ತಿನಿಂದ ಆ ನೀಲಿ ಡ್ರಮ್ಮನ್ನು ಅವಳು ಮುಟ್ಟುವಂತಿಲ್ಲ. ಆದರೂ ಶೆಡ್ಡು ಕೊಡಿಸಿದ್ದು ಅವಳೇ, ಹನ್ನೊಂದು ವರ್ಷದಲ್ಲಿ ಗಂಡನ ಎದುರು ನಿಂತು ಆಡಿದ ಒಂದೇ ಮಾತು ಅದು, ಕೊಡ್ರಿ, ಹುಡಿಗಿ ಕಲತೈತಿ, ಮಾಡತೈತಿ. ಮಾಡುತ್ತದೆಯಂತೆ, ಮಾಡಿದ್ದು ನೋಡು ಅತ್ತೀ, ನಲವತ್ತೆಂಟು ಬಾಟಲಿ ಒಡೆದ ಹಾಲು. ಲೋಷನ್ನಿಗೆ ನೀರು ಅಳೆದು ಕೊಡುವ ಕೆಲಸವನ್ನೂ ಅವಳೇ ಹಟ ಹಿಡಿದು ತೆಗೆದುಕೊಂಡಿದ್ದಾಳೆ, ಚಿಕ್ಕೋಡಿಯ ಬ್ಯಾಟರಿ ಅಂಗಡಿಯಿಂದ ಭಟ್ಟಿ ಇಳಿಸಿದ ನೀರಿನ ಕ್ಯಾನು ಬಂತೆಂದರೆ ಅದು ಅವಳ ಸೊತ್ತು, ತೊಳೆದ ಸ್ಟೀಲಿನ ಕೊಡದಲ್ಲಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ತಂದಿಡುತ್ತಾಳೆ, ಈ ಮನೆಯಲ್ಲಿ ಒಂದು ಕೆಲಸದಲ್ಲಾದರೂ ಅವಳ ಕೈಯನ್ನು ನಂಬುವವರು ಇದ್ದಾರಲ್ಲ ಎಂಬ ಸಮಾಧಾನ ಅವಳಿಗೆ, ಕೋಮಲ ಒಮ್ಮೆಯೂ ಆ ಕೊಡದ ಬಟ್ಟೆ ಬಿಚ್ಚಿ ಪರೀಕ್ಷೆ ಮಾಡಿದವಳಲ್ಲ.

ಅಲ್ಲಾಡಿಸಿದರೆ? ಒಂದನ್ನು ಎತ್ತಿಕೊಂಡಳು, ಕೈ ಕೇಳದೇ ಎತ್ತಿತು, ತಲೆಕೆಳಗು ಮಾಡಿ ನಾಲ್ಕು ಸಲ ಕುಲುಕಿದಳು, ಗೆರೆ ಮಾಯ, ಬೆಳ್ಳಗೆ, ಹಾಲಿಗಿಂತ ಬೆಳ್ಳಗೆ, ಗಡಿಯಾರ ನೋಡುತ್ತ ನಿಂತಳು, ಐದು ನಿಮಿಷ, ಹತ್ತು ನಿಮಿಷ, ನಿಂತಿದೆ, ಹದಿಮೂರು, ನಿಂತಿದೆ, ಕಾಲು ತಾಸಿಗೆ ತಳದಲ್ಲಿ ಏನೋ ಮಸುಕಾಗಿ, ಇಲ್ಲ, ಹೌದು, ಬಂತು. ಕಾಲು ತಾಸು, ಕಮಲಾಬಾಯಿ ಎಷ್ಟು ಹೊತ್ತು ನೋಡಿಯಾರು, ಬಂದು ಕೂತು ಚಹಾ ಕುಡಿದು ಡಬ್ಬ ಏರಿಸಿಕೊಂಡು ಹೋದರೆ ಆಯಿತು, ರಾಯಬಾಗ ದಾಟುವುದರೊಳಗೆ ಒಡೆಯುತ್ತದೆ, ಒಡೆಯಲಿ, ದಾರಿಯ ಕುಲುಕಾಟಕ್ಕೆ ಮತ್ತೆ ಕೂಡಿಕೊಂಡರೂ ಕೂಡಿಕೊಂಡೀತು, ಬಾಟಲಿಯ ಮೇಲೆ ಒಂದು ಚೀಟಿ ಹಚ್ಚಿದರೆ, ಬಳಸುವ ಮುನ್ನ ಕುಲುಕಿ ಅಂತ, ಔಷಧದ ಬಾಟಲಿಗಳ ಮೇಲೆ ಇರುವುದಿಲ್ಲವೇ, ಅದು ಮೋಸ ಹೇಗಾಗುತ್ತದೆ — ಆಗುತ್ತದೆ, ಹೇಗಾಗುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಮೇಲಿನ ಅರ್ಧ ಸುರಿದುಕೊಂಡವಳಿಗೆ ಬರೀ ಜಿಡ್ಡು, ಕೆಳಗಿನ ಅರ್ಧದವಳಿಗೆ ಬರೀ ನೀರು, ಎಲೆ ಜಾರಿ ಬೀಡಿ ವಾಪಸು ಬಂದಾಗ ಅವ್ವ ಏನನ್ನಬೇಕು, ಸುಂದರಾನ ಮಗಳು ಮಾಡಿದ್ದು ಅಂತ ಓಣಿಯೆಲ್ಲ ಅಂದಾಗ ಅವ್ವ ಮೊರದಿಂದ ಕತ್ತು ಎತ್ತದೆ ಸುಮ್ಮನೆ ಎಲೆ ಕತ್ತರಿಸುತ್ತ ಕೂರಬೇಕು. ಗೊತ್ತು, ಎಲ್ಲ ಗೊತ್ತು, ಆದರೂ ಕೈ ಎರಡನೆಯ ಬಾಟಲಿ ಎತ್ತಿತು, ಮೂರನೆಯದು, ಹತ್ತು ಐವತ್ತು, ಇಪ್ಪತ್ತನೆಯದು, ಕಣ್ಣೀರು ಯಾವಾಗ ಶುರುವಾಯಿತೋ ತಿಳಿಯದು, ಸೆರಗಿನಲ್ಲಿ ಒರೆಸಿಕೊಳ್ಳಲೂ ಕೈ ಬಿಡುವಿಲ್ಲ, ಬಾಗಿಲ ಬಳಿ ಬಳೆಯ ಸದ್ದಾಯಿತೇ, ತಿರುಗಿ ನೋಡಿದರೆ ಯಾರೂ ಇಲ್ಲ, ನಲವತ್ತೊಂದು, ನಲವತ್ತೆರಡು, ಜೀಪಿನ ಹಾರ್ನು.

ಕಮಲಾಬಾಯಿ ಮರಾಠಿ ಬೆರೆತ ಕನ್ನಡದಲ್ಲಿ ಮಾತಾಡುತ್ತಲೇ ಇಳಿದರು, ಅಗ ಬಾಯಿ, ಎಷ್ಟ ದೂರ ಗ ನಿಮ್ಮ ಊರು, ಚಿಕ್ಕೋಡಿ ಆತು, ರಾಯಬಾಗ ಆತು, ಅಥಣಿ ಬಂದ ಮ್ಯಾಲೂ ಮುಗೀವಲ್ದು, ನಿನ್ನ ಅವ್ವ ಭೇಟಿ ಆಗಿದ್ಲ ಪೋರಿ, ಮಗಳಿಗೆ ಆರಾಮ ಇರು ಅಂತ ಹೇಳ್ರಿ ಅಂದಾಳ. ಎತ್ತರದ ಹೆಂಗಸು, ಕಾಸೆ ಹಾಕಿ ಉಟ್ಟ ಸೀರೆ, ಹತ್ತು ಬೆರಳಿಗೂ ಅದೇ ಕಂದು, ಅದೇ ಸೀಳು, ಸಂಘದ ಮುಖ್ಯಸ್ಥೆಯಾದರೂ ಮೊರ ಬಿಟ್ಟಿಲ್ಲ ಅಂತ ಬೆರಳೇ ಹೇಳುತ್ತದೆ. ಶೆಡ್ಡಿನ ನಡುವೆ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಮಾವ ಕಂಬಕ್ಕೆ ಒರಗಿ ನಿಂತಿದ್ದಾರೆ ಕೈಕಟ್ಟಿ, ಕೋಮಲ ಕೊನೆಗೆ ಕುಲುಕಿದ ಬಾಟಲಿಯನ್ನೇ ತಂದು ಮೇಜಿನ ಮೇಲಿಟ್ಟಳು, ಕಮಲಾಬಾಯಿ ನೋಡಿ ತಲೆಯಾಡಿಸಿದರು, ಛಾನ ಐತಿ ಗ, ಬೆಣ್ಣಿ ತಗದ ಮಜ್ಜಿಗಿಯಂಗ ತೆಳ್ಳಗೂ ಐತಿ, ಮೊನ್ನೆ ಸಂಘದ ಬಾಯಕಿ ಮಂದಿ ಎಲ್ಲಾ ಕೂಡಿ ಕೇಳಿದ್ರ ನನಗ, ಬಾಯಾರ, ಅದ ಯಾವಾಗ ಬರತೈತ್ರಿ ಅಂತ, ಈ ಕೈಗೋಳಿಗೆ ಯಾರರ ಏನರ ಮಾಡಾಕತ್ತಾರ ಅನ್ನೂದ ಒಂದ ದೊಡ್ಡ ಮಾತ ಅವರಿಗೆ. ಕೋಮಲ ಹೂಂ ಅಂದಳು, ಮೂರು ನಿಮಿಷ, ಮಾವ ಮಳೆ ಬೆಳೆ ಕೇಳಿದರು, ಕಮಲಾಬಾಯಿ ತಂಬಾಕಿನ ಧಾರಣೆ ಹೇಳಿದರು, ಏಳು ನಿಮಿಷ, ಡಬ್ಬ ಏರಿಸಿಬಿಡಲೇನ್ರಿ ಬಾಯಾರ, ಕೋಮಲ ಕೇಳಿಯೇಬಿಟ್ಟಳು, ತಡಿ ಗ ಪೋರಿ, ಚಹಾ ಕುಡಿಯೂಣು, ಏನ ಗಡಿಬಿಡಿ. ಹತ್ತು ನಿಮಿಷ, ಕಣ್ಣು ಬಾಟಲಿಯ ತಳದಿಂದ ಕೀಳಲಾಗುತ್ತಿಲ್ಲ, ಕಿತ್ತರೆ ಆ ಹೊತ್ತಿಗೇ ಬಂದುಬಿಟ್ಟರೆ, ನೋಡಿದರೆ ಅವರೂ ಅಲ್ಲಿಗೇ ನೋಡಿದರೆ, ಅತ್ತೆ ಚಹಾದ ತಾಟು ಹಿಡಿದು ಬಂದಳು, ಹದಿಮೂರು, ಕಪ್ಪು ಒಂದೊಂದೇ ಇಡುತ್ತಿದ್ದಾಳೆ, ಎಷ್ಟು ನಿಧಾನ ಮುದುಕಿ, ಬಂತು, ಅಯ್ಯೋ ಬಂತು, ತಳದಲ್ಲಿ ಮಸುಕು, ಮಸುಕು ತಿಳಿಯಾಗುತ್ತಿದೆ, ಕಮಲಾಬಾಯಿ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ಬಗ್ಗಿದ್ದಾರೆ, ತಲೆ ಎತ್ತಿದರೆ ನೇರ ಎದುರಿಗೇ ಇದೆ — ರುಕ್ಮವ್ವನ ಕೈ ಬಂತು. ಮೇಜು ಒರೆಸುವವಳ ಹಾಗೆ ಬಂತು, ಬಾಟಲಿಯನ್ನು ಎತ್ತಿತು, ತಲೆಕೆಳಗು ಮಾಡಿತು, ಮೇಲೆ ಮಾಡಿತು, ಎರಡು ಸಲ, ಮೂರು ಸಲ, ಮೊದಲಿದ್ದ ಜಾಗದಲ್ಲೇ ಇಟ್ಟಿತು.

ಹಾಗಾದರೆ ಬಾಗಿಲಲ್ಲಿ ಬಳೆಯ ಸದ್ದು ಅವಳದೇ, ನಿಂತು ನೋಡಿದ್ದಾಳೆ, ಅಳುವುದನ್ನೂ ನೋಡಿದ್ದಾಳೆ, ನೋಡಿ ಹೋಗಿ ಏನೂ ಆಗದವಳ ಹಾಗೆ ಚಹಾ ಕಾಸಿದ್ದಾಳೆ, ಜೀವಮಾನದಲ್ಲಿ ಒಂದು ಸುಳ್ಳು ಆಡಲು ಬಾರದ ಹೆಂಗಸು, ಪಕ್ಕದವರ ಹೊಲದ ಒಂದು ಬದನೆಕಾಯಿ ಬಿದ್ದಿದ್ದರೆ ಎತ್ತಿ ಕೊಟ್ಟು ಬರುವವಳು, ಈ ಕೈಯಿಂದ ಈ ಕೆಲಸ. ಚಹಾದ ಜೋಡಿ ಚೂಡಾ ತರೂಣು ಬಾ ಅಂತ ಅತ್ತೆ ಕಣ್ಣಲ್ಲೇ ಕರೆದಳು, ಕೋಮಲ ಬಾಗಿಲಾಚೆಗೆ ಹೋದಳು, ಅಲ್ಲಿ ಅತ್ತೆ ಅವಳ ಮುಂಗೈ ಹಿಡಿದುಕೊಂಡು ಪಿಸುಗುಟ್ಟಿದಳು, ಅಂಜಬ್ಯಾಡ ಯವ್ವಾ, ನಿನ್ನ ಕೆಲಸ ಕೆಡಂಗಿಲ್ಲ, ನಿನಗ ಹೇಳಿರಲಿಲ್ಲ ನಾ, ಮಂಗಳವಾರ ನೀ ಬಾಟಲಿ ತರಾಕ ಹೋದಾಗ ನೀರಿನ ಕ್ಯಾನ ಸೀಳಿ ಸೋರಾಕತ್ತಿತ್ತು, ಮಣೂಕದ ಡ್ರಮ್ಮ ಮೂರ ಸಲ ತಿಕ್ಕಿ ತೊಳದ ಅದರಾಗ ಹಾಕಿಟ್ಟೆ, ಬರೇ ಡ್ರಮ್ಮಿಗೆ ಹೆಂಗ ಹಾಕೂದಂತ ಚಿಂಚಲಿ ಮಾಯವ್ವನ ಹೆಸರ ತಗೊಂಡ ಹ್ವಾದ ವರ್ಷದ್ದ ಒಂದ ಮುಟಗಿ ಹಾಕೇನಿ, ಮೂರನೇ ಸಲಾ ನಿನಗ ಕೈ ಹತ್ತಲಿ ಅಂತ. ಒಂದು ಮುಟಗಿ, ಏನು ಒಂದು ಮುಟಗಿ ಅತ್ತೀ — ಕೇಳಬೇಕಾಗಿರಲಿಲ್ಲ, ಈ ಮನೆಯ ಪದ್ಧತಿ ಅವಳಿಗೆ ಗೊತ್ತಿಲ್ಲವೇ, ಹಂಗಾಮು ಮುಗಿದಾಗ ಉಳಿದ ಕಾರ್ಬೋನೇಟಿನ ಒಂದು ಹಿಡಿಯನ್ನು ಗಂಟು ಕಟ್ಟಿ ಜಂತಿಗೆ ತೂಗುಹಾಕುತ್ತಾರೆ, ಮುಂದಿನ ವರ್ಷ ತೊಳೆದ ಡ್ರಮ್ಮಿಗೆ ಮೊದಲು ಬೀಳುವುದು ಅದೇ, ಡ್ರಮ್ಮು ಬರಿದಾಗಬಾರದು, ಮನೆ ಬರಿದಾಗಬಾರದು, ಉಪ್ಪಿನಂಥ ಬಿಳಿ ಪುಡಿ, ನೀರಿಗೆ ಬಿದ್ದ ಕೂಡಲೇ ಕರಗಿ ಕಾಣದಾಗುತ್ತದೆ, ಹನಿಗಳನ್ನು ಹಿಡಿದು ನಿಲ್ಲಿಸುವ ತನ್ನ ಪುಡಿಗೆ ಕ್ಷಾರ ಕಂಡರಾಗದು, ಕೈ ಬಿಟ್ಟುಬಿಡುತ್ತದೆ, ಅಷ್ಟೇ, ಅಷ್ಟೇ ಆದದ್ದು, ಮೇಣ ಸರಿ, ಶಾಖ ಸರಿ, ತೂಕ ಸರಿ, ಕೋಮಲ ಸರಿ, ನಾನು ಸರಿ ಇದ್ದೆ! ಒಂದು ಕ್ಷಣ ಎದೆಯಲ್ಲಿ ಏನೋ ಕುಣಿಯಿತು, ಹೇಳಿಬಿಡಬೇಕು, ಈಗಲೇ ಹೇಳಬೇಕು, ಮಾವಾರ, ನನ್ನ ಕೆಲಸದಾಗ ತಪ್ಪಿಲ್ರಿ, ನೀರಿನಾಗ ಕಾರ್ಬೋನೇಟ ಬಿದ್ದೈತಿ, ಇನ್ನೊಂದ ಸಲ ಮಾಡಿ ತೋರಸ್ತೀನಿ, ಅತ್ತಿ ಕೈಯಾಗಿಂದ — ಅತ್ತೆಯ ಕೈಯಿಂದ. ಮತ್ತೆ. ಇನ್ನು ಸಾಯುವವರೆಗೆ ಪ್ರತಿ ಊಟಕ್ಕೂ ಎರಡು ವರ್ಷ, ಆ ವರ್ಷ ಮಣೂಕ, ಈ ವರ್ಷ ಸೊಸೆಯ ಲೋಷನ್ನು, ಮುಂಗೈ ಹಿಡಿದವಳು ಇನ್ನೂ ಬಿಟ್ಟಿಲ್ಲ, ಮುಖದಲ್ಲಿ ಒಳ್ಳೆಯದು ಮಾಡಿದವಳ ನಗು.

ಕ್ಷಾರ. ಕುಣಿದದ್ದು ನಿಂತಿತು. ಕ್ಷಾರ ಅಂದರೆ ಬರೀ ಒಡೆಯುವುದಲ್ಲವಲ್ಲ, ಒಳಗೆ ಓಡಿದಳು, ಗೂಡಿನಲ್ಲಿ ಹುಳಿ ಕ್ಷಾರ ತೋರಿಸುವ ಪರೀಕ್ಷೆಯ ಕಾಗದದ ಪಟ್ಟಿಗಳು, ಬುಧವಾರ ಅದ್ದಿ ನೋಡಬೇಕಾಗಿತ್ತು, ಎರಡು ಸೆಕೆಂಡಿನ ಕೆಲಸ, ನೋಡಲಿಲ್ಲ, ಯಾವಾಗಲೂ ಸರಿಯೇ ಬರುತ್ತದಲ್ಲ ಅನ್ನುವ ಸೊಕ್ಕು, ಬೆನ್ನು ತಿರುಗಿಸಿ ನಿಂತು ಒಂದು ಬಾಟಲಿಗೆ ಅದ್ದಿದಳು, ಮಾದರಿಯಲ್ಲಿ ಹಳದಿ ಬಂದಿತ್ತು, ಇದು ಹಳದಿ ದಾಟಿ ಹಸಿರು ದಾಟಿ ಕಡುನೀಲಿ, ಸೀಳಿದ ಬೆರಳಿಗೆ ಇದನ್ನು ಸುರಿದರೆ ಉಪ್ಪು ಖಾರ ಎಲ್ಲ ಒಟ್ಟಿಗೆ ಹಾಕಿ ತಿಕ್ಕಿದ ಹಾಗೆ, ನಾನೂರು ಹೆಂಗಸರು, ಎಂಟುನೂರು ಕೈ, ಅವ್ವನ ಹೆಬ್ಬೆರಳು, ಹಿಂದೆ ಟಕ್ ಅಂತ ಮುಚ್ಚಳ ತೆರೆದ ಸದ್ದು, ತಿರುಗಿದಳು, ಕಮಲಾಬಾಯಿ ಬಾಟಲಿ ಬಗ್ಗಿಸಿದ್ದಾರೆ, ಎಡಗೈ ಚಾಚಿದ್ದಾರೆ, ಬೆರಳಿನ ಕಂದು ಸೀಳುಗಳು ಬಾಯಿ ತೆರೆದುಕೊಂಡಿವೆ, ಹಚ್ಚಿ ನೋಡ್ತೀನಿ ಗ ಒಮ್ಮೆ ಅನ್ನುತ್ತಿದ್ದಾರೆ — ಬ್ಯಾಡ್ರಿ! ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿದಳು, ಬಾಟಲಿ ಕಿತ್ತುಕೊಂಡಳು, ಹಚ್ಚಬ್ಯಾಡ್ರಿ ಬಾಯಾರ, ಉರೀತೈತಿ, ಇದು ಒಡದೈತ್ರಿ, ಎಲ್ಲಾ ಒಡದಾವ, ನಾ ಮುಂಜಾನಿಂದ ಅಲ್ಲಾಡಿಸಿ ಅಲ್ಲಾಡಿಸಿ ಇಟ್ಟೇನಿ. ಮಾವ ಕಂಬ ಬಿಟ್ಟು ಮುಂದೆ ಬಂದರು, ಉರಿಯೂದಂದ್ರ? ನೀರಿಗೆ ಕಾರ್ಬೋನೇಟ ಬಿದ್ದೈತ್ರಿ ಮಾವಾರ, ಅಂದಳು, ಕಾರ್ಬೋನೇಟ ಎಲ್ಲಿಂದ ಬಿತ್ತು, ಡ್ರಮ್ಮ ಯಾರ ಮುಟ್ಟಿದ್ರು, ಕೇಳಿದ್ದು ಅವಳನ್ನು, ನೋಡಿದ್ದು ಹೆಂಡತಿಯನ್ನು, ಬಾಗಿಲಲ್ಲಿ ಚೂಡಾದ ತಾಟು ಹಿಡಿದು ನಿಂತವಳನ್ನು, ಆ ನೋಟ ಅಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಕೋಮಲಳ ಬಾಯಿಂದ ಮಾತು ಬಿದ್ದಿತ್ತು, ನಾನ್ರಿ, ಕ್ಯಾನ ಸೋರಾಕತ್ತಿತ್ತಂತ ನಾನ ಡ್ರಮ್ಮಿನಾಗ ಹಾಕೇನಿ, ಬರೇ ಇಡಬಾರದಂತ ಮುಟಗೀನೂ ನಾನ ಹಾಕೇನಿ, ಮರತೆ.

ಬಿ.ಎಸ್ಸಿ. ಕಲತಾಕಿ, ಅಂದರು ಮಾವ, ಇಷ್ಟೇ, ಮತ್ತೆ ಅದೇ ಸಾದಾ ದನಿ, ನಾಳಿ ಮುಂಜಾನಿ ಜಾಳಿ ಕಟ್ಟಾಕ ಮಂದಿ ಬರತಾರ, ಭಾಂಡಿ ತಗದಿಡವಾ. ಹೊರಗೆ ಹೋದರು, ಜಾಳಿಯ ಸುರುಳಿ ಅಂಗಳದಲ್ಲಿ ಉರುಳಿಸಿದ ಸದ್ದು ಕೇಳಿತು, ಕಮಲಾಬಾಯಿ ತಮ್ಮ ಎಡಗೈಯನ್ನು ನೋಡಿಕೊಂಡು ಎದ್ದರು, ಹೇಳಿದ್ಯಲ್ಲ ಪೋರಿ, ಅದ ಚಲೋ ಆತು, ಆದ್ರ ಹೇಳಾಕ ನನ್ನ ಕೈತನಕ ಬರಬೇಕಾತ ನೋಡ, ಜೀಪ ತಂದ ಖಾಲಿ ಒಯ್ಯಾಕತ್ತೇನಿ, ನನ್ನ ಬಾಯಕಿ ಮಂದಿಗೆ ಏನ ಅನ್ಲಿ, ಮತ್ತೊಮ್ಮೆ ಬರೂದ ಆಗಂಗಿಲ್ಲ ಗ. ಚಪ್ಪಲಿ ಮೆಟ್ಟಿದರು, ಅವ್ವನಿಗೆ ಏನರ ಹೇಳೂದೈತೇನ ಅಂತ ಕೇಳಿದರು, ಜೀಪು ತಿರುಗಿತು, ಹೋಯಿತು. ಮುಗಿಯಿತು, ನಾನು ಮಾಡಿದ್ದು ಸರಿಯಾಗಿತ್ತು ಅಂತ ಇನ್ನು ಯಾರಿಗೂ ಹೇಳುವಂತಿಲ್ಲ, ಭರತನಿಗೂ ಇಲ್ಲ, ಅವ್ವನಿಗೂ ಇಲ್ಲ, ಹೇಳಿದರೆ ತಿರುಗಿ ಈ ಮನೆಗೇ ಬರುತ್ತದೆ, ಆ ಊಟದ ತಾಟಿಗೇ ಬರುತ್ತದೆ, ನೆಲದ ಮೇಲೆ ಕುಸಿದು ಕೂತಳು, ಅಳು ಕೂಡ ಬರಲೊಲ್ಲದು, ಒಡೆದದ್ದು ತನ್ನ ತಪ್ಪಿನಿಂದಲೇ ಆಗಿದ್ದರೆ ಅತ್ತು ಹಗುರಾಗಬಹುದಿತ್ತು.

ರುಕ್ಮವ್ವ ತಾಟು ಇಟ್ಟು ಒಳಗೆ ಬಂದಳು, ಸೊಸೆಯ ಮುಖ ನೋಡಲಿಲ್ಲ, ಹಲಗೆಯ ಮುಂದೆ ನಿಂತಳು, ತುದಿಯ ಬಾಟಲಿಯನ್ನು ಎತ್ತಿದಳು, ತಲೆಕೆಳಗು ಮಾಡಿದಳು, ಮೇಲೆ ಮಾಡಿದಳು, ತಲೆಕೆಳಗು, ಮೇಲೆ, ಬೆಳ್ಳಗಾಯಿತು, ಇಟ್ಟಳು, ಪಕ್ಕದ್ದು ಎತ್ತಿದಳು, ಅತ್ತೀ ಬಿಡ್ರಿ, ಅವರು ಹೋದರು, ಇನ್ನ ಯಾರೂ ನೋಡಂಗಿಲ್ಲ, ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ಮೂರನೆಯದು, ನಾಲ್ಕನೆಯದು, ಬಳೆ ಸದ್ದು ಮಾಡುತ್ತಿದೆ, ಬಿಳಿ ಆತ ನೋಡ ಯವ್ವಾ ಅನ್ನುತ್ತಾಳೆ, ಇದೂ ಬಿಳಿ ಆತು, ದನಿ ಒಡೆದಿದೆ, ಹತ್ತು, ಹದಿನೈದು, ಅತ್ತೀ ಸಾಕ್ರಿ, ಇಪ್ಪತ್ತು, ಮೂವತ್ತು, ಕೋಮಲ ಎದ್ದು ಹೋಗಿ ಆ ಕೈ ಹಿಡಿಯಬೇಕು, ಏಳಲಾಗುತ್ತಿಲ್ಲ, ಕಾಲು ತಾಸಾಯಿತು, ನಲವತ್ತೇಳು, ನಲವತ್ತೆಂಟು, ಕೊನೆಯದನ್ನು ಇಟ್ಟು ಅತ್ತೆ ಮೊದಲಿನ ಕಡೆ ತಿರುಗಿದಳು, ಅದರ ತಳದಲ್ಲಿ ಉಗುರಿನಷ್ಟು ತಿಳಿನೀರು, ನೋಡಿದಳು, ಸೆರಗಿನಿಂದ ಕೈ ಒರೆಸಿಕೊಂಡಳು, ಆ ಬಾಟಲಿಯನ್ನು ಮತ್ತೆ ಎತ್ತಿದಳು, ತಲೆಕೆಳಗು, ಮೇಲೆ, ತಲೆಕೆಳಗು, ಮೇಲೆ, ತಲೆಕೆಳಗು